ಗೋಪುರದ ಮೇಲೆ ಬಿಸ್ಕತ್ತಿನ ವಾಸನೆ

ಜೂನ್ 9

ಅಕ್ಕ,

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಯಜಮಾನರು ಓಡಿಸುತ್ತಿದ್ದ ಬಸ್ಸಿನಲ್ಲಿ ಮೈಕು ಹಿಡಿದು ನಿಲ್ಲುವವಳು. ನಗರ ನೋಡಲು ಬಂದವರಿಗೆ ಎಡಗಡೆ ಏನಿದೆ, ಬಲಗಡೆ ಏನಿದೆ ಎಂದು ಹೇಳುವ ಗೈಡ್. ಅವರು ನನ್ನನ್ನು ಮೈಕಮ್ಮ ಎಂದು ಕರೆಯುತ್ತಿದ್ದರು. ಮನೆಯಲ್ಲೂ ಹೇಳಿರಬಹುದು.

ಅವರು ತೀರಿಹೋದ ಸುದ್ದಿ ಬಂದದ್ದು ಗುರುವಾರ ಮಧ್ಯಾಹ್ನ. ಶನಿವಾರದಿಂದ ಸಾಲು ರಜೆ, ಬಸ್ಸು ಪೂರ್ತಿ ತುಂಬಿತ್ತು. ನನಗೆ ನಿಮ್ಮ ಊರಿಗೆ ಬರಬೇಕು ಅನ್ನಿಸಿತು. ಆಫೀಸಿಗೆ ಹೋಗಿ ರಜೆ ಕೇಳಿದೆ. "ಅವರು ನಿನಗೆ ಏನಾಗಬೇಕು?" ಅಂದರು ಮ್ಯಾನೇಜರು. ಏನೂ ಆಗಬೇಕಾಗಿರಲಿಲ್ಲ. ಹಾಗಾಗಿ ಬಸ್ಸು ಹತ್ತಿದೆ, ಹೊಸ ಡ್ರೈವರಿಗೆ ತಿರುವುಗಳನ್ನು ಹೇಳಿಕೊಟ್ಟೆ, ಮೂರು ದಿನವೂ ಮೈಕಿನಲ್ಲಿ ಮಾತಾಡಿದೆ. ಏನು ಮಾತಾಡಿದೆನೋ ನೆನಪಿಲ್ಲ.

ಇದರೊಳಗೆ ಒಂದು ಫೋಟೊ ಇಟ್ಟಿದ್ದೇನೆ. ಬಸ್ಸು ಮಧ್ಯಾಹ್ನದ ಊಟಕ್ಕೆ ನಿಲ್ಲುವ ಹೋಟೆಲಿನಲ್ಲಿ, ಅಡುಗೆಮನೆ ಬಾಗಿಲ ಪಕ್ಕ, ಡ್ರೈವರ್ ಮತ್ತು ಗೈಡಿಗೆಂದೇ ಒಂದು ಮೇಜು ಹಾಕಿರುತ್ತಾರೆ. ಬಸ್ಸಿನ ತುಂಬ ಗಿರಾಕಿಗಳನ್ನು ಕರೆತರುತ್ತೇವೆಂದು ನಮ್ಮಿಬ್ಬರಿಗೆ ಊಟ ಬಿಟ್ಟಿ. ಅಲ್ಲಿ ಸಪ್ಲೈಯರ್ ತೆಗೆದದ್ದು. ಅವರು ಇಷ್ಟು ಚೆನ್ನಾಗಿ ನಕ್ಕ ಫೋಟೊ ಬೇರೆ ಇರಲಾರದು. ನಿಮ್ಮ ಹತ್ತಿರ ಇರಲಿ ಅನ್ನಿಸಿತು.

ಇಂತಿ,
ಮೈಕಮ್ಮ


ಜುಲೈ 2

ಗೈಡ್ ಅವರಿಗೆ,

ಕಾಗದ ತಲುಪಿತು. ಫೋಟೊ ಕೂಡ ತಲುಪಿತು.

ನನಗೆ ಒಬ್ಬಳು ಅಕ್ಕ ಇದ್ದಾಳೆ, ತಂಗಿಯರು ಯಾರೂ ಇಲ್ಲ. ಆದ್ದರಿಂದ ನನ್ನನ್ನು ಅಕ್ಕ ಎನ್ನುವ ಅಗತ್ಯವಿಲ್ಲ.

ಅವರು ಚೆನ್ನಾಗಿ ನಕ್ಕ ಫೋಟೊ ಬೇರೆ ಇರಲಾರದು ಎಂದಿದ್ದೀರಿ. ಇರಬಹುದು. ನಮ್ಮ ಮನೆಯಲ್ಲಿ ಯಾರೂ ಊಟದ ಹೊತ್ತಿಗೆ ಫೋಟೊ ತೆಗೆಯುವುದಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಫೋಟೊದಲ್ಲಿ ಅವರ ಕೈ ಮೇಲೆದ್ದಿದೆ, ಏನೋ ಹೇಳುತ್ತಿದ್ದಾರೆ. ಏನು ಹೇಳುತ್ತಿದ್ದರು?

ಇಂತಿ,
ಡ್ರೈವರ್ ಅವರ ಹೆಂಡತಿ


ಜುಲೈ 3

ಅಕ್ಕ,

ನೀನು ಕೇಳುವ ಮೊದಲೇ ಹೇಳುತ್ತೇನೆ, ಊಟ ಮಾಡುತ್ತಿದ್ದೇನೆ. ಕೆಲಸವೂ ಇದೆ. ಡಾಕ್ಟರ ಮನೆಯ ಪರದೆಗಳು ಮುಗಿದವು. ದಪ್ಪ ಬಟ್ಟೆ, ಮೆಷಿನ್ನಿನ ಸೂಜಿ ಮುರಿದುಕೊಂಡೆ. ನಿನ್ನೆ ಹೋಗಿ ಏಣಿ ಹತ್ತಿ ತೂಗುಹಾಕಿ ಬಂದೆ. ಆ ಮನೆಯ ಅಡುಗೆಯವಳು ಏಣಿ ಹಿಡಿದುಕೊಂಡಿದ್ದಳು. ನಾನು ಕೊಕ್ಕೆ ಸಿಕ್ಕಿಸುವುದನ್ನು ತಲೆಯೆತ್ತಿ ನೋಡುತ್ತಲೇ ಇದ್ದಳು. ನನಗೆ ಅದು ಹೊಸದು. ಇವರು ಏಣಿ ಹಿಡಿದರೆ ನೆಲ ನೋಡಿಕೊಂಡು ನಿಲ್ಲುತ್ತಿದ್ದರು. ನಾನು ಎತ್ತರದಲ್ಲಿ ನಿಂತದ್ದನ್ನು ನೋಡಿದರೇ ಇವರ ಕಾಲು ನಡುಗುತ್ತಿತ್ತು, ನಿನಗೆ ಗೊತ್ತಲ್ಲ. ಮನೆಯಲ್ಲಿ ಬಲ್ಬು ಬದಲಾಯಿಸಲು ಸ್ಟೂಲು ಹತ್ತುತ್ತಿದ್ದವಳೂ ನಾನೇ.

ಆ ಮೈಕಮ್ಮ ಕಾಗದ ಬರೆದಿದ್ದಾಳೆ. ಫೋಟೊ ಕಳಿಸಿದ್ದಾಳೆ. ಇವರು ಮೈಕಮ್ಮ, ಮೈಕಮ್ಮ ಎನ್ನುವಾಗ ನಾನು ಹಲ್ಲು ಉದುರಿದ ಯಾವುದೋ ಮುದುಕಿ ಎಂದುಕೊಂಡಿದ್ದೆ. "ಪಾಪ, ಮೈಕಮ್ಮನಿಗೆ ಗಂಟಲು ಕಟ್ಟಿದೆ" ಎಂದಾಗ ಕಷಾಯಕ್ಕೆ ಪುಡಿ ಕುಟ್ಟಿ ಪೊಟ್ಟಣ ಕಟ್ಟಿ ಕಳಿಸಿದ್ದೂ ಇದೆ. ಅಕ್ಕಾ, ಅವಳಿಗೆ ನನಗಿಂತ ಚಿಕ್ಕ ವಯಸ್ಸು. ಉದ್ದ ಜಡೆ. ಕತ್ತೂ ಉದ್ದ. ನಾನು ಕುಟ್ಟಿದ ಪುಡಿ ಆ ಕತ್ತಿನೊಳಗೆ ಇಳಿದಿದೆ!

ಫೋಟೊದಲ್ಲಿ ಇವರು ಬಾಯಲ್ಲಿ ತುತ್ತು ಇಟ್ಟುಕೊಂಡೇ ನಗುತ್ತಿದ್ದಾರೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಬಾಯಿಗೆ ಬೀಗ. "ಇನ್ನೊಂಚೂರು ಹಾಕು", "ಸಾಕು", ಅಷ್ಟೇ. ಇವರು ಮಾತು ಕಡಿಮೆಯ ಮನುಷ್ಯ ಎಂದು ನಾನು ಒಪ್ಪಿಕೊಂಡು ಬಾಳಿದೆ. ಮಾತು ಕಡಿಮೆ ಇರಲಿಲ್ಲ, ಬೇರೆ ಕಡೆ ಖರ್ಚಾಗುತ್ತಿತ್ತು ಎಂದು ಈಗ ತಿಳಿಯಿತು.

ಊರಿಗೆಲ್ಲ ಸಾಲು ರಜೆ ಬಂದರೆ ನಮ್ಮ ಮನೆಗೆ ಬರುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಗಳು ಅಕ್ಕಪಕ್ಕ ಕೂತಿರುವುದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆ ಮೂರು ದಿನ ಇವರು ನಗರದಲ್ಲಿ. ಮಂಗಳವಾರ ಬೆಳಿಗ್ಗೆ ಬಂದು, ಕಾಗದದಲ್ಲಿ ಸುತ್ತಿದ ಎರಡು ಕೇಕಿನ ತುಂಡು ಮೇಜಿನ ಮೇಲಿಟ್ಟು, ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ನನಗೊಂದು, ಅವರಿಗೊಂದು. ನನ್ನ ರಜೆಯೆಂದರೆ ಆ ಕೇಕು.

ಅಳೋಣವೆಂದು ಕೂತರೆ ಸಿಟ್ಟು ಬರುತ್ತದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ನಿನ್ನ,
ಪುಟ್ಟಿ


ಜುಲೈ 15

ಪುಟ್ಟಿ,

ನನ್ನ ಹತ್ತಿರ ಹೇಳಿಕೋ, ಇನ್ಯಾರ ಹತ್ತಿರ ಹೇಳುತ್ತೀಯ? ಹಾಸ್ಟೆಲಿನ ವಾರ್ಡನ್ ಆಗಿ ಕೂದಲು ಬೆಳ್ಳಗಾಗಿಸಿಕೊಂಡವಳು ನಾನು. ಹೊಟ್ಟೆಕಿಚ್ಚಿನಲ್ಲಿ ಎಷ್ಟು ಬಗೆ ಇದೆ ಎಂದು ನನ್ನನ್ನು ಕೇಳು.

ನಿನ್ನ ಗಂಡನಿಗೆ ನಿನ್ನೊಬ್ಬಳನ್ನು ಸಂಭಾಳಿಸುವುದರಲ್ಲೇ ಏದುಸಿರು ಬರುತ್ತಿತ್ತು. ಇನ್ನೊಬ್ಬಳಿಗೆ ಉಸಿರು ಎಲ್ಲಿಂದ ತರಬೇಕಿತ್ತು? ಆದರೂ ನಾನು ಹೇಳಿದ ಮಾತ್ರಕ್ಕೆ ಸಾಯುವ ಹುಳ ಅಲ್ಲ ಅದು. ಮದುವೆಯ ಹೊಸದರಲ್ಲಿ ಒಮ್ಮೆ ಹೋಗಿಬಂದದ್ದು ಬಿಟ್ಟರೆ ನೀನು ಆ ನಗರದ ಮುಖ ನೋಡಿಲ್ಲ. ಟಿಕೆಟ್ಟು ತೆಗೆಸಿ ಆ ಬಸ್ಸಿನಲ್ಲಿ ಕೂತುಕೋ. ಅವಳ ಮುಖ ನೋಡು, ಅವಳು ಮಾತಾಡುವುದನ್ನು ಕೇಳು. ಜಗಳ ಆಡಬೇಕು ಅನ್ನಿಸಿದರೆ ಆಡು. ಆದರೆ ಬಸ್ಸಿನಿಂದ ಇಳಿದ ಮೇಲೆ ಆಡು, ಮೈಕು ಅವಳ ಕೈಯಲ್ಲಿರುತ್ತದೆ.

ಅಕ್ಕ


ಆಗಸ್ಟ್ 1

ಅಕ್ಕ ಅನ್ನಬೇಡಿ ಎಂದಿರಿ, ಅನ್ನುವುದಿಲ್ಲ. ಏನೆನ್ನಬೇಕೋ ತಿಳಿಯದೆ ಹೀಗೇ ಶುರು ಮಾಡಿದ್ದೇನೆ. ಬಾಯಿಯಿಂದ ಬದುಕುವವಳು, ಬರೆದು ಅಭ್ಯಾಸವಿಲ್ಲ. ಪೆನ್ನು ಹಿಡಿದರೂ "ಈಗ ನಿಮ್ಮ ಎಡಗಡೆ ನೋಡಿ" ಎಂದೇ ಬರುತ್ತದೆ.

ಫೋಟೊದಲ್ಲಿ ಅವರು ಹೇಳುತ್ತಿದ್ದದ್ದು ನಿಮ್ಮ ವಿಷಯ. ಯಾರದೋ ಮನೆಗೆ ಹೊಲಿದ ಪರದೆ ಒಂದು ಗೇಣು ಗಿಡ್ಡವಾಯಿತಂತೆ. ನೀವು ಸ್ವಲ್ಪವೂ ಅಳುಕದೆ "ಈಗ ಇದೇ ಫ್ಯಾಷನ್ನು, ನೆಲಕ್ಕೆ ಗಾಳಿಯಾಡಬೇಕು" ಎಂದಿರಂತೆ. ಮುಂದಿನ ವಾರ ಪಕ್ಕದ ಮನೆಯವರು ಬಂದು ನಮಗೂ ಹಾಗೇ ಗಿಡ್ಡ ಬೇಕು ಎಂದರಂತೆ. ಅದನ್ನು ನಿಮ್ಮ ದನಿಯಲ್ಲೇ ಮಾಡಿ ತೋರಿಸುತ್ತಿದ್ದರು. ಕೈ ಎತ್ತಿದ್ದು ಗೇಣು ತೋರಿಸಲು.

ಆ ಮೇಜಿನಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ನೀವು ಯಾರ ಮನೆಗೆ ಹೊಲಿಯುತ್ತಿದ್ದೀರಿ, ಬಟ್ಟೆ ಯಾವ ಬಣ್ಣ, ಯಾರು ಚೌಕಾಸಿ ಮಾಡಿದರು, ಎಲ್ಲ ನನಗೆ ಗೊತ್ತು. ನಿಮ್ಮ ಮಲಗುವ ಕೋಣೆಯ ಹಸಿರು ಪರದೆಯ ಅಂಚು ಬಿಚ್ಚಿ ಇಳಿಸಿದ್ದೂ ಗೊತ್ತು.

ಇನ್ನೊಂದು ಹೇಳಬೇಕು. ಊಟದ ಕೊನೆಯಲ್ಲಿ ನಮಗೆ ಒಬ್ಬೊಬ್ಬರಿಗೆ ಒಂದೊಂದು ಕೇಕಿನ ತುಂಡು ಕೊಡುತ್ತಾರೆ. ಅವರು ತಮ್ಮದನ್ನು ಸುತ್ತಿಟ್ಟುಕೊಳ್ಳುತ್ತಿದ್ದರು. "ಒಂದೇ ತಗೊಂಡ್ಹೋದ್ರೆ ಅವಳು ನನಗೇ ತಿನ್ನಿಸ್ತಾಳೆ" ಎಂದರು ಒಂದು ಸಲ. ಅವತ್ತಿನಿಂದ ನನ್ನ ತುಂಡನ್ನೂ ಕೊಡುತ್ತಿದ್ದೆ. ಇದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ. ಈಗ ಗೊತ್ತಿಲ್ಲವೇನೋ ಅನ್ನಿಸುತ್ತಿದೆ.

ಈ ತಿಂಗಳ ಸಾಲು ರಜೆಗೆ ಬನ್ನಿ. ಡ್ರೈವರ್ ಹಿಂದಿನ ಕಿಟಕಿ ಸೀಟು ಇಟ್ಟಿರುತ್ತೇನೆ. ಅವರು ನೋಡುತ್ತಿದ್ದ ರಸ್ತೆ ಅಲ್ಲಿಂದ ಹಾಗೇ ಕಾಣುತ್ತದೆ.

ಇಂತಿ,
ಮೈಕಮ್ಮ


ಆಗಸ್ಟ್ 10

ಗೈಡ್ ಅವರಿಗೆ,

ಬರುತ್ತೇನೆ. ಟಿಕೆಟ್ಟು ನಾನೇ ತೆಗೆಸಿದ್ದೇನೆ.

ಅದು ನಿಮ್ಮ ಪಾಲಿನ ಕೇಕು ಎಂದು ಗೊತ್ತಿದ್ದರೆ ನಾನು ತಿನ್ನುತ್ತಿರಲಿಲ್ಲ.

ಇಂತಿ,
ಡ್ರೈವರ್ ಅವರ ಹೆಂಡತಿ


ಆಗಸ್ಟ್ 28

ಅಕ್ಕ,

ಹೋಗಿ ಬಂದೆ. ಜಗಳ ಆಡಲಿಲ್ಲ. ನಡೆದದ್ದನ್ನೆಲ್ಲ ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ.

ಅವಳು ರಸ್ತೆಗೆ ಬೆನ್ನು ಹಾಕಿ ನಿಂತು ಮಾತಾಡುತ್ತಾಳೆ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈ ಡ್ರೈವರ್ ಸೀಟಿನ ಹಿಂದಿನ ಕಂಬಿಯ ಮೇಲೆ. ಅವಳು ಹಿಡಿಯುವ ಜಾಗದಲ್ಲಿ ಕಂಬಿಯ ಬಣ್ಣ ಹೋಗಿ ಬೆಳ್ಳಗಾಗಿದೆ. ಎಲ್ಲರೂ ವಸ್ತುಸಂಗ್ರಹಾಲಯ ನೋಡಲು ಇಳಿದಾಗ ನಾನು ಇಳಿಯದೆ ಅಳೆದು ನೋಡಿದೆ. ಆ ಬೆಳ್ಳನೆಯ ಜಾಗಕ್ಕೂ ಡ್ರೈವರಿನ ಹೆಗಲು ಬರುವ ಜಾಗಕ್ಕೂ ನನ್ನ ಒಂದು ಗೇಣು. ಅಷ್ಟು ಹೊತ್ತಿಗೆ ಒಳಗೆ ಎಲ್ಲರೂ ರಾಜರ ಕತ್ತಿ ನೋಡುತ್ತಿದ್ದರು.

ಮಧ್ಯಾಹ್ನ ಆ ಹೋಟೆಲು. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳು. ಸೂಪು, ಬ್ರೆಡ್ಡು, ಮೀನು, ಬೇಯಿಸಿದ ತರಕಾರಿ. ಅಕ್ಕಪಕ್ಕದವರು ಬೆಳಗಿನಿಂದ ನೋಡಿದ್ದನ್ನೆಲ್ಲ ಮತ್ತೆ ನೋಡಿದಂತೆ ಹೇಳಿಕೊಂಡು ತಿನ್ನುತ್ತಿದ್ದರು. ನನ್ನ ಕಣ್ಣು ಅಡುಗೆಮನೆ ಬಾಗಿಲ ಪಕ್ಕದ ಮೇಜಿನ ಮೇಲೆ. ಮೊದಲ ದಿನ ತಡೆದುಕೊಂಡೆ. ಎರಡನೆಯ ದಿನ ತಟ್ಟೆ ಹಿಡಿದುಕೊಂಡು ಅಲ್ಲಿಗೇ ಹೋದೆ.

"ಸ್ವಲ್ಪ ಏಳ್ತೀರಾ?" ಎಂದೆ ಹೊಸ ಡ್ರೈವರಿಗೆ.

"ಯಾಕಮ್ಮಾ, ಅಲ್ಲಿ ಫ್ಯಾನ್ ಇಲ್ವಾ?" ಎಂದ.

ಮೈಕಮ್ಮ ಅವನ ಕಡೆ ನೋಡಿದಳು. ತಟ್ಟೆ ಎತ್ತಿಕೊಂಡು ಹೋದ.

ಆ ಕುರ್ಚಿಯಲ್ಲಿ ಕೂತರೆ ಬೇರೇನೂ ಕಾಣುವುದಿಲ್ಲ ಅಕ್ಕ. ಹಿಂದೆ ಗೋಡೆ, ಪಕ್ಕದಲ್ಲಿ ಅಡುಗೆಮನೆಯ ಬಾಗಿಲು, ಎದುರಿಗೆ ಅವಳ ಮುಖ.

"ಇಲ್ಲಿ ಅವರು ಉಪ್ಪು ಮೇಲೆ ಹಾಕ್ಕೋತಿದ್ರಾ?" ಕೇಳಿದೆ.

"ಇಲ್ಲ."

"ಮನೇಲಿ ಹಾಕ್ಕೋತಿದ್ರು."

ಅವಳು ಉಪ್ಪಿನ ಡಬ್ಬಿ ಪಕ್ಕಕ್ಕೆ ಸರಿಸಿ, "ಇಲ್ಲಿ ಅಡುಗೇಲೇ ಉಪ್ಪು ಜಾಸ್ತಿ ಹಾಕ್ತಾರೆ" ಎಂದಳು. ನಾನು ತಿಂದು ನೋಡಿದೆ. ಜಾಸ್ತಿ ಏನೂ ಇರಲಿಲ್ಲ. ನನಗೆ ನೋವಾಗದಿರಲಿ ಎಂದು ಸುಳ್ಳು ಹೇಳಿದ್ದಳು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಕೇಕು ಬಂದಾಗ ತನ್ನ ತುಂಡನ್ನು ನನ್ನ ತಟ್ಟೆಯ ಕಡೆ ತಳ್ಳಿದಳು. ಕೈ ಅಭ್ಯಾಸ, ತಳ್ಳಿದ ಮೇಲೆ ಅವಳಿಗೇ ಗೊತ್ತಾಗಿ ಮುಖ ಕೆಂಪಾಯಿತು. ಇಬ್ಬರೂ ತಿನ್ನಲಿಲ್ಲ.

ಮೂರನೆಯ ದಿನ, ಮೇಲಿಂದ ನಗರವೆಲ್ಲ ಕಾಣುವ ಗೋಪುರ. ಕೆಳಗೆ ಒಂದು ಕಲ್ಲುಬೆಂಚಿದೆ. ಬೇರೆಯವರು ಲಿಫ್ಟಿಗೆ ಸಾಲು ನಿಂತಾಗ ಅವಳು ನನ್ನನ್ನು ಆ ಬೆಂಚಿನ ಹತ್ತಿರ ಕರೆದಳು.

"ಇಲ್ಲೇ ಕೂತಿರೋರು. ಒಂದು ದಿನ ಆದ್ರೂ ಮೇಲೆ ಬನ್ನಿ ಅಂತಿದ್ದೆ. ಬರ್ತಿರ್ಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳ ಜೊತೆ ಹತ್ತಿದೀನಿ, ಇನ್ನು ಅವಳಿಲ್ದೆ ಹತ್ತಲ್ಲ ಅಂತ ಮಾತು ಕೊಟ್ಟಿದೀನಿ, ಅಂತಿದ್ರು."

ಇದನ್ನು ಹೇಳುವಾಗ ಅವಳು ನನ್ನನ್ನು ನೋಡಲಿಲ್ಲ. ಲಿಫ್ಟಿನ ಕಡೆ ನೋಡುತ್ತಿದ್ದಳು.

ಅಕ್ಕಾ, ಇವರು ಆ ಗೋಪುರ ಹತ್ತಿದ್ದೇ ಇಲ್ಲ. ಆವತ್ತು ಲಿಫ್ಟಿನ ಬಾಗಿಲವರೆಗೆ ಬಂದು, ಬೆವರಿ, ವಾಪಸು ಹೋಗಿ ಇದೇ ಬೆಂಚಿನ ಮೇಲೆ ನನ್ನ ಚೀಲ ತಬ್ಬಿಕೊಂಡು ಕೂತುಬಿಟ್ಟರು. "ನೀನು ಹೋಗಿ ಬಾ, ಬಂದು ಎಲ್ಲಾ ಹೇಳು" ಎಂದರು. ನಾನೊಬ್ಬಳೇ ಹೋದೆ. ಇಳಿದು ಬಂದು ಹೇಳಿದೆ. ಇವರು ಕಣ್ಣು ಮುಚ್ಚಿಕೊಂಡು ಕೇಳಿದರು. "ಇನ್ನೊಂದ್ಸಲ ಹೇಳು" ಎಂದರು, ಇನ್ನೊಂದು ಸಲ ಹೇಳಿದೆ. ಆಗ ಇವರು ಬಸ್ಸಿನ ಕೆಲಸಕ್ಕೆ ಸೇರಿದ ಹೊಸದು. "ಬಸ್ಸಿನೋರಿಗೆ ಯಾರಿಗೂ ಹೇಳ್ಬೇಡ್ವೇ, ಹೆದರುಪುಕ್ಕಲ ಅಂತ ಹೆಸರಿಟ್ಟುಬಿಡ್ತಾರೆ" ಎಂದರು. ಆಯಿತು ಎಂದೆ.

ಮೇಲೆ ಹೋದೆವು. ಅವಳು ಚಿಕ್ಕ ಮೈಕು ಹಿಡಿದು ಶುರು ಮಾಡಿದಳು. "ಈಗ ನಿಮ್ಮ ಎಡಗಡೆ ನೋಡಿ. ನದಿ, ಅಂಚು ಹೊಲಿಯದ ಪರದೆ ಹಾಗೆ ಒಂದು ಕಡೆ ಜೋತು ಬಿದ್ದಿದೆ." ನನ್ನ ಕಿವಿ ನೆಟ್ಟಗಾಯಿತು. ಅಂಚಿನ ಚಿಂತೆ ಮಾಡುವವರು ಆ ಬಸ್ಸಿನಲ್ಲಿ ಇನ್ನು ಯಾರಿದ್ದಾರೆ? "ಈಗ ಬಲಗಡೆ. ದೂರದಲ್ಲಿ ದುಂಡು ಚಾವಣಿಯ ಕಟ್ಟಡ ಕಾಣುತ್ತಲ್ಲ, ಅದು ಹಳೇ ಬಿಸ್ಕತ್ತಿನ ಕಾರ್ಖಾನೆ. ಗಾಳಿ ಈ ಕಡೆ ಬೀಸಿದರೆ ಬಿಸ್ಕತ್ತಿನ ವಾಸನೆ ಇಲ್ಲಿವರೆಗೂ ಬರುತ್ತೆ."

ಅಷ್ಟೂ ಜನ ಮೂಗು ಎತ್ತಿದರು. "ಹೌದು ಕಣ್ರೀ, ಬರ್ತಿದೆ" ಎಂದರು ಒಬ್ಬರು. "ಬೆಣ್ಣೆ ಬಿಸ್ಕತ್ತು" ಎಂದರು ಅವರ ಹೆಂಡತಿ.

ಅದು ಬಿಸ್ಕತ್ತಿನ ಕಾರ್ಖಾನೆ ಎಂದು ಆವತ್ತು ಹೇಳಿದವಳು ನಾನು. ವಾಸನೆಯ ಆಸೆಗಾದರೂ ಇವರು ಮೇಲೆ ಬರಲಿ ಎಂದು ಬಾಯಿಗೆ ಬಂದದ್ದು ಹೇಳಿದ್ದೆ. ಅದು ನಿಜಕ್ಕೂ ಏನೋ ನನಗೆ ಇವತ್ತಿಗೂ ಗೊತ್ತಿಲ್ಲ. ಇವರು ಅದನ್ನು ಹಾಗೇ ಇಟ್ಟುಕೊಂಡು, ಕೆಲಸಕ್ಕೆ ಹೊಸಬಳಾಗಿ ಬಂದ ಇವಳಿಗೆ ಮೇಲೆ ಏನೇನು ತೋರಿಸಬೇಕು ಎಂದು ಬೆಂಚಿನ ಮೇಲೆ ಕೂತೇ ಹೇಳಿಕೊಟ್ಟಿದ್ದಾರೆ.

ಇವರು ಅವಳಿಗೆ ಕೊಟ್ಟದ್ದೆಲ್ಲ ನನ್ನದೇ ಅಕ್ಕ. ಆದರೂ ಸಮಾಧಾನವಾಗಲಿಲ್ಲ. ನನ್ನ ಮಾತು ಇವರಿಗೆ ಅಷ್ಟು ಇಷ್ಟವಾಗಿದ್ದರೆ, ನನ್ನ ಎದುರಿಗೆ ಒಂದು ಸಲವಾದರೂ ಹೇಳಬಾರದಿತ್ತೇ? ನಾನೂ ಅಷ್ಟು ನಗುತ್ತಿದ್ದೆನಲ್ಲ.

ಇಳಿದು ಬಂದಾಗ ಮೈಕಮ್ಮ, "ಅವರು ಹೇಳಿದ ಹಾಗೇ ಇತ್ತಾ?" ಎಂದು ಕೇಳಿದಳು. ಇತ್ತು ಎಂದೆ. ಮಾತು ಕೊಟ್ಟ ವಿಷಯ ಇನ್ನೇನು ಕೇಳುವವಳಿದ್ದಳು. ಬಸ್ಸಿನ ಹಾರನ್ ಆಯಿತು.

ಬರುವಾಗ ನಾವಿಬ್ಬರೂ ತಿನ್ನದ ಕೇಕುಗಳನ್ನು ಹೋಟೆಲಿನವನು ಸುತ್ತಿಕೊಟ್ಟಿದ್ದ. ನನ್ನ ಚೀಲದಲ್ಲಿತ್ತು. ಈಗ ಎದುರಿಗೆ ಮೇಜಿನ ಮೇಲಿದೆ. ಎರಡು ತುಂಡು.

ನಿನ್ನ,
ಪುಟ್ಟಿ


ಸೆಪ್ಟೆಂಬರ್ 20

ಕ್ಷಮಿಸಿ, ಮತ್ತೆ ಬರೆಯುತ್ತಿದ್ದೇನೆ. ಗೋಪುರದ ಹತ್ತಿರ ಕೇಳಬೇಕೆಂದಿದ್ದದ್ದು ಬಾಯಲ್ಲೇ ಉಳಿಯಿತು.

ನಾನು ಮೇಲೆ ಹೋದಾಗಲೆಲ್ಲ ಜನರಿಗೆ ನದಿ ತೋರಿಸಿ, ಅವರು ಫೋಟೊ ತೆಗೆದುಕೊಳ್ಳುವಾಗ ಕೆಳಗೆ ಬಗ್ಗಿ ನೋಡುತ್ತಿದ್ದೆ. ಬೆಂಚಿನ ಮೇಲೆ ಅವರ ಟೋಪಿ ಒಂದು ಗುಂಡಿಯಷ್ಟು ಕಾಣುತ್ತಿತ್ತು. ಅವರು ಒಂದು ದಿನವೂ ತಲೆಯೆತ್ತಿ ನೋಡಲಿಲ್ಲ. ಇಂಥ ಮಾತು ಕೊಟ್ಟು ಇಷ್ಟು ವರ್ಷ ಉಳಿಸಿಕೊಳ್ಳಬೇಕಾದರೆ ಆ ಹೆಂಗಸು ಎಂಥವಳಿರಬೇಕು ಎಂದು ನಿಮ್ಮ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ನೀವು ನನ್ನನ್ನು ನೋಡುವ ನೋಟದಲ್ಲಿ ಏನಿತ್ತೆಂದು ನನಗೆ ಗೊತ್ತಾಯಿತು. ಯಾಕೆಂದರೆ ನನ್ನಲ್ಲೂ ಅದೇ ಇತ್ತು. ನನಗೆ ಸಿಕ್ಕಿದ್ದು ಊಟದ ಹೊತ್ತಿನ ಮಾತು. ಮಾತಾಡದೆ ಕೂರಬೇಕು ಅನ್ನಿಸಿದಾಗ ಅವರು ನಿಮ್ಮ ಹತ್ತಿರ ಬರುತ್ತಿದ್ದರು. ಯಾವುದು ದೊಡ್ಡದು ಎಂದು ನೀವೇ ಹೇಳಿ.

ಹೋದ ವಾರ ಹೋಟೆಲಿನಲ್ಲಿ ನಾನು ಈ ಮಾತು ಕೊಟ್ಟ ವಿಷಯ ಹೇಳಿದಾಗ ಹೊಸ ಡ್ರೈವರ್ ಎಲ್ಲರ ಎದುರಿಗೆ, "ಮಾತೂ ಇಲ್ಲ ಗೀತೂ ಇಲ್ಲ, ನಿಮ್ಮ ಡ್ರೈವರಿಗೆ ಎತ್ತರ ಅಂದ್ರೆ ಭಯ ಇದ್ದಿರ್ಬೇಕು ಅಷ್ಟೇ" ಎಂದು ನಕ್ಕ. ಎಲ್ಲರೂ ನಕ್ಕರು. ನಾನು ತಟ್ಟೆ ಬಿಟ್ಟು ಎದ್ದು ಬಂದೆ. ಅವನ ಹತ್ತಿರ ಮಾತು ಬಿಟ್ಟಿದ್ದೇನೆ. ಎಡಕ್ಕೆ ತಿರುಗಿಸು ಎಂದು ಹೇಳಬೇಕಾದರೂ ಮೈಕಿನಲ್ಲಿ ಪ್ರಯಾಣಿಕರಿಗೆ ಹೇಳಿದಂತೆ ಹೇಳುತ್ತೇನೆ.

ನಿಜ ಹೇಳಿ. ಅವರು ನಿಮಗೆ ಮಾತು ಕೊಟ್ಟಿದ್ದರಾ?

ಇಂತಿ,
ಮೈಕಮ್ಮ


ಅಕ್ಟೋಬರ್ 11

ಮೈಕಮ್ಮನವರಿಗೆ,

ಉತ್ತರ ತಡವಾಯಿತು. ಶಾಲೆಯೊಂದರ ಸಭಾಂಗಣಕ್ಕೆ ದೊಡ್ಡ ಪರದೆ ಹೊಲಿಯುವ ಕೆಲಸ ಬಂದಿತ್ತು. ಆದರೆ ತಡವಾದದ್ದಕ್ಕೆ ಅದೊಂದೇ ಕಾರಣ ಅಲ್ಲ.

ನಿಮ್ಮ ಸೀಟಿನ ಪಕ್ಕದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ನಿಮ್ಮ ಮುಖಕ್ಕೆ ಬೀಳುತ್ತದೆ. ಕೂತಲ್ಲಿಂದಲೇ ಕಣ್ಣಳತೆಯಲ್ಲಿ ಕಿಟಕಿಯ ಅಳತೆ ತೆಗೆದುಕೊಂಡಿದ್ದೆ, ಅದೂ ಕೈ ಅಭ್ಯಾಸವೇ. ಬಟ್ಟೆ ಮನೆಯಲ್ಲಿದೆ. ಹೊಲಿಯಬೇಕೆಂದು ಇನ್ನೂ ಅನ್ನಿಸಿಲ್ಲ. ಅನ್ನಿಸಿದರೆ ಕಳಿಸುತ್ತೇನೆ.

ಯಾವುದು ದೊಡ್ಡದು ಎಂದು ಕೇಳಿದ್ದೀರಿ. ನಿಮ್ಮದು ನನಗೆ ಬೇಕಿತ್ತು. ಈಗಲೂ ಬೇಕು. ಅವರು ನನ್ನ ದನಿಯಲ್ಲಿ ಮಾತಾಡಿದ್ದನ್ನು ನೀವು ಕೇಳಿದ್ದೀರಿ, ನಾನು ಕೇಳಿಲ್ಲ. ಅದನ್ನು ನಾನು ನಿಮಗೆ ಕ್ಷಮಿಸುತ್ತೇನೆಂದು ಕಾಯಬೇಡಿ. ಗಂಟಲು ಕಟ್ಟಿದರೆ ಮಾತ್ರ ಬರೆಯಿರಿ, ಪುಡಿ ಕುಟ್ಟಿ ಕಳಿಸುತ್ತೇನೆ. ಅದು ಮೊದಲಿನಿಂದ ನಡೆದು ಬಂದದ್ದು.

ಆವತ್ತು ಆ ಕಲ್ಲುಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಒಂದು ಮಾತಾಗಿತ್ತು. ಅದನ್ನು ಅವರೂ ಉಳಿಸಿಕೊಂಡರು, ನಾನೂ ಉಳಿಸಿಕೊಂಡಿದ್ದೇನೆ. ಹೊಸ ಡ್ರೈವರಿಗೆ ಅದನ್ನು ಹೇಳಿ. ಆ ಮನುಷ್ಯನಿಗೆ ಯಾವುದರ ಭಯವೂ ಇರಲಿಲ್ಲ ಎಂದು ಅವರ ಹೆಂಡತಿ ಬರೆದಿದ್ದಾಳೆ ಎಂದೂ ಹೇಳಿ. ಎಲ್ಲರ ಎದುರಿಗೇ ಹೇಳಿ, ಊಟದ ಹೊತ್ತಿಗೆ.

ಕೇಕು ಎರಡೂ ನಾನೇ ತಿಂದೆ. ಸಿಹಿ ಜಾಸ್ತಿ.

ಇನ್ನೊಂದು. ದುಂಡು ಚಾವಣಿಯ ಆ ಕಟ್ಟಡ ಬಿಸ್ಕತ್ತಿನ ಕಾರ್ಖಾನೆಯೇ. ಅಲ್ಲ ಎಂದು ಯಾರಾದರೂ ವಾದ ಮಾಡಿದರೆ ಒಪ್ಪಬೇಡಿ. ಗಾಳಿ ಈ ಕಡೆ ಬೀಸುವ ತನಕ ಕಾಯಲು ಹೇಳಿ.

ಇಂತಿ,
ಡ್ರೈವರ್ ಅವರ ಹೆಂಡತಿ